ಸೋಮಾಲಿ ಭಾಷೆಯಲ್ಲಿ ಒಪ್ಪಿಗೆಯನ್ನೂ ಭಿನ್ನಮತವನ್ನೂ ಹೇಳುವುದು ಹೇಗೆ?

ಪ್ರಶ್ನೆ (ಗಂಗಾವತಿ, ಕೊಪ್ಪಳ ಜಿಲ್ಲೆ): ಅಕ್ಕಿ ವ್ಯಾಪಾರದ ನಿಮಿತ್ತ ಮೊಗದಿಶುವಿನ ವರ್ತಕರೊಬ್ಬರೊಡನೆ ದೂರವಾಣಿಯಲ್ಲಿ ಮಾತನಾಡುತ್ತಿದ್ದೇನೆ. ‘ಹಾ’ ಎಂದರೆ ಹೌದು, ‘ಮಯ’ ಎಂದರೆ ಇಲ್ಲ ಎಂಬಷ್ಟು ಮಾತ್ರ ತಿಳಿದಿದೆ. ದರದ ವಿಷಯದಲ್ಲಿ ಅವರ ಮನಸ್ಸು ನೋಯದಂತೆ ನನ್ನ ಅಭಿಪ್ರಾಯವನ್ನು ಹೇಗೆ ತಿಳಿಸಲಿ?

ಉತ್ತರ 1 (ರಾಯಚೂರು): ‘ವಹಾನ್ ಉ ಮಲೈನಯಾ ಇನ್’ ಎಂದು ಆರಂಭಿಸಿರಿ, ‘ನನಗೆ ಅನಿಸುವುದೇನೆಂದರೆ’ ಎಂಬುದು ಅದರ ಭಾವ. ನಾವು ಅಭಿಪ್ರಾಯವನ್ನು ಮೊದಲು ಹೇಳಿ ‘ಎಂದು ಭಾವಿಸುತ್ತೇನೆ’ ಎಂದು ಮುಗಿಸುತ್ತೇವೆ. ಸೋಮಾಲಿಯಲ್ಲಿಯೂ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೇ ಬರುವುದಾದರೂ, ಇಲ್ಲಿ ಮಾತ್ರ ‘ಅನಿಸುತ್ತದೆ’ ಎಂಬುದು ಮುಂದೆ ಬಂದು, ಹೇಳಬೇಕಾದ ಸಂಗತಿ ‘ಇನ್’ ಎಂಬುದರ ನಂತರ ಬರುತ್ತದೆ. ಒಪ್ಪಿಗೆಗೆ ‘ವಾನ್ ಕುಗು ರಾಅಸನಹಯ್’ ಎನ್ನಬೇಕು. ಇದರ ಮೂಲಧಾತುವಿಗೆ ‘ಹಿಂಬಾಲಿಸು, ಜೊತೆಗೂಡು’ ಎಂಬ ಅರ್ಥವಿರುವುದು ನನಗೆ ಬಹಳ ಇಷ್ಟವಾದ ಸಂಗತಿ. ಚುಟುಕಾಗಿ ‘ವಾ ರುನ್’, ಅಂದರೆ ‘ಅದು ನಿಜ’, ಎಂದರೂ ಸಾಕು.

ಉತ್ತರ 2 (ಬಳ್ಳಾರಿ): ಭಿನ್ನಮತಕ್ಕೆ ‘ಕುಗುಮ ರಾಅಸನಿ’ ಎಂಬ ರೂಪವಿದೆ. ನಡುವಿನ ‘ಮ’ ನಿಷೇಧಸೂಚಕ. ಆದರೆ ಪ್ರಶ್ನೆ ಕೇಳುವುದಕ್ಕೂ ಇದೇ ‘ಮ’ ಬಳಕೆಯಾಗುವುದರಿಂದ, ಕ್ರಿಯಾರೂಪವನ್ನು ಗಮನಿಸದಿದ್ದರೆ ಅವರು ಕೇಳಿದರೋ ನಿರಾಕರಿಸಿದರೋ ತಿಳಿಯದು. 1972ರಲ್ಲಿ ಸೋಮಾಲಿಗೆ ಲ್ಯಾಟಿನ್ ಲಿಪಿ ಅಧಿಕೃತವಾಯಿತು. ಅದರಲ್ಲಿ ‘ಎಕ್ಸ್’ ಅಕ್ಷರ ಗಂಟಲಿನ ‘ಹ’ಕಾರವನ್ನು ಸೂಚಿಸುತ್ತದೆ. ಸಂದೇಶದಲ್ಲಿ ‘ಸರಿ’ ಎಂಬರ್ಥದ ‘ಸಹ್’ ಬಂದಾಗ ಅದನ್ನು ‘ಸಾಕ್ಸ್’ ಎಂದು ಓದಬೇಡಿ, ನಾನು ಹಾಗೆಯೇ ಓದಿದ್ದೆ.

ಪ್ರಶ್ನೆ ಕೇಳಿದವರು: ನಾಳೆಯ ಕರೆಯಲ್ಲಿ ಮೊದಲು ‘ವಾ ರುನ್’ ಎಂದು, ಬಳಿಕ ದರದ ಮಾತೆತ್ತುತ್ತೇನೆ.