ಹನ್ನೆರಡು ದಿನದ ಕ್ರಿಸ್ಮಸ್ ಹಾಡಿನಲ್ಲಿ ಇಷ್ಟೊಂದು ಹಕ್ಕಿ ಯಾಕೆ?

ಕಾಫಿಪುಡಿ:
ಮಗಳ ಶಾಲೆಯಲ್ಲಿ ‘ದ ಟ್ವೆಲ್ವ್ ಡೇಸ್ ಆಫ್ ಕ್ರಿಸ್ಮಸ್’ ಹಾಡಿಸುತ್ತಿದ್ದಾರೆ. ಒಂದು ವಾರದಿಂದ ಮನೆಯಲ್ಲಿ ಇದೇ ಗಲಾಟೆ. ಮೊದಲ ದಿನ ಮರಸೇಬಿನ ಮರದಲ್ಲಿ ಕೂತ ಕೌಜುಗವನ್ನು ಉಡುಗೊರೆ ಕೊಡುತ್ತಾರಂತೆ, ಆಮೇಲೆ ಎಷ್ಟನೇ ದಿನವೋ ಅಷ್ಟರಂತೆ ಬೆಳವ, ಕೋಳಿ, ಬಾತು, ಹಂಸ, ಕೊನೆಗೆ ಹನ್ನೆರಡು ಜನ ಡೋಲು ಬಾರಿಸುವವರು! "ಅಪ್ಪಾ, ಇಷ್ಟು ಹಕ್ಕಿ ಎಲ್ಲಿ ಇಟ್ಕೋತಾರೆ?" ಅಂತ ಕೇಳಿದಳು. ಪ್ರಾಟೆಸ್ಟೆಂಟರ ಆಳ್ವಿಕೆಯಿದ್ದ ಇಂಗ್ಲೆಂಡಿನಲ್ಲಿ ಕ್ಯಾಥೋಲಿಕರು ಕದ್ದುಮುಚ್ಚಿ ಧರ್ಮ ಕಲಿಸಲು ಕಟ್ಟಿದ ಹಾಡು, ಕೌಜುಗ ಅಂದರೆ ಯೇಸು ಅಂತ ಒಂದು ವಾಟ್ಸಾಪ್ ಮೆಸೇಜ್ ಬಂದಿದೆ. ನಿಜಾನಾ?

ಹಳೇಗಂಟು:
ಆ ಮೆಸೇಜ್ ನಂಬಬೇಡಿ. ಆ ಕಥೆ ಹುಟ್ಟಿದ್ದೇ 1979ರ ಹೊತ್ತಿಗೆ, ಅದಕ್ಕೆ ಹಳೇ ದಾಖಲೆ ಒಂದೂ ಇಲ್ಲ. ನಾಲ್ಕು ಹಕ್ಕಿ ಅಂದರೆ ಬೈಬಲಿನ ನಾಲ್ಕು ಸುವಾರ್ತೆ, ಹತ್ತು ಅಂದರೆ ಹತ್ತು ಆಜ್ಞೆ ಅಂತಾರೆ, ಆದರೆ ಅವನ್ನು ಪ್ರಾಟೆಸ್ಟೆಂಟರೂ ನಂಬುತ್ತಿದ್ದರು, ಮುಚ್ಚಿಡೋಕೆ ಏನಿತ್ತು ಅಲ್ವಾ? 1780ರ ಸುಮಾರಿಗೆ ಲಂಡನ್ನಿನ ಒಂದು ಮಕ್ಕಳ ಪುಸ್ತಕದಲ್ಲಿ ಇದು ಅಚ್ಚಾಯಿತು, ರಾಗವಿಲ್ಲದೆ ಬರೀ ಪದ್ಯ. ಅದು ನೆನಪಿನ ಆಟ. ಒಬ್ಬೊಬ್ಬರೂ ಹಿಂದಿನದನ್ನೆಲ್ಲ ಹೇಳಿ ಹೊಸದೊಂದು ಸೇರಿಸಬೇಕು, ತಪ್ಪಿದರೆ ದಂಡ. ಹನ್ನೆರಡು ದಿನ ಎಣಿಸೋದು ಕ್ರಿಸ್ಮಸ್‌ಗೆ ಮುಂಚೆ ಅಲ್ಲ, ಡಿಸೆಂಬರ್ 25ರಿಂದ ಜನವರಿ 5ರವರೆಗೆ. ಮರುದಿನ ಮೂವರು ಜ್ಞಾನಿಗಳು ಯೇಸುವನ್ನು ಕಂಡ ಹಬ್ಬ.

ಸಂಜೆಮಳೆ:
ನಾಲ್ಕನೇ ದಿನಕ್ಕೆ ಈಗ ‘ಕಾಲಿಂಗ್ ಬರ್ಡ್ಸ್’, ಅಂದರೆ ಕೂಗುವ ಹಕ್ಕಿ, ಅಂತ ಹಾಡ್ತಾರಲ್ಲ, ಅದು ಮೊದಲು ‘ಕಾಲಿಂಗ್’ ಅಲ್ಲ, ‘ಕಾಲಿ’. ಹಿಂದಿಯ ಕಾಲಿ ಅಲ್ಲ ಮತ್ತೆ, ಕಲ್ಲಿದ್ದಲಿನ ‘ಕೋಲ್’ನಿಂದ ಬಂದ ಪದ, ಆದರೆ ಅರ್ಥ ಮಾತ್ರ ಅದೇ, ಕಪ್ಪು! ಇಂಗ್ಲೆಂಡಿನ ಸಂಗೀತಗಾರ ಫ್ರೆಡ್ರಿಕ್ ಆಸ್ಟಿನ್ 1909ರಲ್ಲಿ ಹಾಡಿಗೆ ಈಗಿನ ರೂಪ ಕೊಟ್ಟಾಗ ‘ಕಾಲಿಂಗ್’ ಆಯಿತು. ಐದು ಚಿನ್ನದ ಉಂಗುರ ಬಂದಾಗ ಎಲ್ಲರೂ ಉಸಿರು ಹಿಡಿದು ಎಳೀತಾರಲ್ಲ, ಅದೂ ಅವರದ್ದೇ. ಇನ್ನು ಇಂಗ್ಲೆಂಡಿನ ಕೌಜುಗ ನೆಲದಲ್ಲೇ ಓಡಾಡೋ ಹಕ್ಕಿ, ಮರ ಹತ್ತಿದ್ದು ಹೇಗೆ? ಫ್ರೆಂಚ್‌ನಲ್ಲಿ ಅದರ ಹೆಸರು ‘ಪೆರ್ದ್ರಿ’, ಅದೇ ‘ಪೇರ್ ಟ್ರೀ’, ಅಂದರೆ ಮರಸೇಬಿನ ಮರ, ಆಗಿರಬಹುದು ಅಂತ ಕೆಲವರ ಊಹೆ. ನನಗಂತೂ ಇಷ್ಟವಾಯಿತು.

ಲೆಕ್ಕದಮೇಷ್ಟ್ರು:
ಸುಮ್ನೆ ಹಾಲಿನ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ದಿನಾ ಹಳೇದೆಲ್ಲ ಮತ್ತೆ ಕೊಡುತ್ತಾರಲ್ಲ, ಹಾಗೆ ಹಿಡಿದರೆ ಕೌಜುಗವೇ 12, ಹಂಸ 42, ಬಾತೂ 42. ಒಟ್ಟು 364 ಉಡುಗೊರೆ!

ಕಾಫಿಪುಡಿ:
ಥ್ಯಾಂಕ್ಸ್, ಮಗಳಿಗೆ 364 ಹೇಳಿದೆ, ಮರವೂ 12 ಆಗುತ್ತಲ್ಲ ಅಂದಳು. ಅವಳು ಏಳನೇ ದಿನದ ಹಂಸ ಅಂತೆ, ಈಗ ರೆಕ್ಕೆಗೆ ಥರ್ಮೋಕೋಲ್ ಹುಡುಕುತ್ತಿದ್ದೇನೆ.