ಲಿಥಿಯಂ ಬ್ಯಾಟರಿ ಪ್ರಪೋಸಲ್ ವಾಪಸ್ ಬಂದಿದೆ, ಫೈನಾನ್ಸ್‌ನವರಿಗೆ ಎನ್‌ಪಿವಿ (ನಿವ್ವಳ ಇಂದಿನ ಮೌಲ್ಯ) ಬೇಕಂತೆ. ಲೆಕ್ಕ ಹೇಗೆ ಹಾಕಬೇಕು?

ಸೈಟ್_ಇಂಜಿನಿಯರ್_ಯಾದಗಿರಿ:

ಎಲ್ಲರಿಗೂ ನಮಸ್ಕಾರ. ಶಹಾಪುರ, ಸುರಪುರ ಕಡೆಯ 12 ಮೊಬೈಲ್ ಟವರ್ ಸೈಟ್‌ಗಳಲ್ಲಿ ಹಳೇ ವಿಆರ್‌ಎಲ್‌ಎ (ಮುಚ್ಚಿದ ಲೆಡ್ ಆಸಿಡ್) ಬ್ಯಾಟರಿ ತೆಗೆದು 48 ವೋಲ್ಟ್, 300 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಂಕ್ (ಬ್ಯಾಟರಿಗಳ ಗುಂಪು) ಕೂಡಿಸುವ ಪ್ರಪೋಸಲ್ ಇದು. ವೆಂಡರ್ ಕೊಟ್ಟ ಶೀಟನ್ನೇ ಲಗತ್ತಿಸಿ ಕಳಿಸಿದ್ದೆ. ಸೈಟಿಗೆ ಫಿಟಿಂಗ್ ಸೇರಿ 2,80,000 ರೂ., ದಿನಕ್ಕೆ ಒಂದು ಗಂಟೆ ಡಿಜಿ (ಡೀಸೆಲ್ ಜನರೇಟರ್) ಓಟ ಕಡಿಮೆ, ಮೂರೂವರೆ ವರ್ಷದೊಳಗೆ ದುಡ್ಡು ವಾಪಸ್ ಅಂತ ಅದರಲ್ಲಿದೆ. ಫೈನಾನ್ಸ್‌ನಿಂದ ಮೂರು ಪ್ರಶ್ನೆ ಬಂದಿವೆ. 12% ದರದಲ್ಲಿ ಎನ್‌ಪಿವಿ ಎಷ್ಟು? ಹಳೇ ಬ್ಯಾಟರಿಗೆ ಪುಸ್ತಕದಲ್ಲಿ ಇನ್ನೂ ಉಳಿದಿರುವ ಬೆಲೆಯನ್ನು ಏನು ಮಾಡುತ್ತೀರಿ? ಜಿಎಸ್‌ಟಿ ಸೇರಿಸಿದ್ದೀರೋ ಬಿಟ್ಟಿದ್ದೀರೋ? ಕ್ಯಾಪೆಕ್ಸ್ (ಒಂದೇ ಸಲದ ಬಂಡವಾಳ ಖರ್ಚು), ಒಪೆಕ್ಸ್ (ನಡೆಸುವ ಖರ್ಚು) ತನಕ ಅರ್ಥವಾಗುತ್ತದೆ, ಅದರ ಮುಂದಿನದು ಯಾರಾದರೂ ಬಿಡಿಸಿ ಹೇಳಿ.

ಬೇಕಾಗುವ ಮಾಹಿತಿ: ಹೊಸ ವಿಆರ್‌ಎಲ್‌ಎ ಬ್ಯಾಂಕಿಗೆ 1,50,000 ರೂ. ಕೋಟೇಶನ್ ಇದೆ. ಏಳು ಸೈಟಿನ ಬ್ಯಾಂಕ್ ಪೂರ್ತಿ ಸತ್ತಿವೆ, ಐದು ಇನ್ನೂ ನಡೆಯುತ್ತಿವೆ. ಲೋಡ್ ಸುಮಾರು 1.8 ಕಿಲೋವ್ಯಾಟ್. ಡಿಜಿ ಗಂಟೆಗೆ ಎರಡೂವರೆ ಲೀಟರ್ ಕುಡಿಯುತ್ತದೆ.

ಲೆಕ್ಕಪತ್ರ_ಕಲಬುರಗಿ:

ಮೊದಲು ಏಳು ಸೈಟು ಬೇರೆ, ಐದು ಸೈಟು ಬೇರೆ ಮಾಡಿ. ಎರಡನ್ನೂ ಒಂದೇ ಶೀಟಿಗೆ ಹಾಕಿದರೆ ಉತ್ತರ ಖಂಡಿತ ತಪ್ಪುತ್ತದೆ.

ವೆಂಡರ್ ಮಾಡಿರುವುದು ಏನೆಂದರೆ, ಹೊಸ ಲಿಥಿಯಂ ಅನ್ನು ಸತ್ತ ವಿಆರ್‌ಎಲ್‌ಎ ಜೊತೆ ಹೋಲಿಸಿದ್ದಾರೆ. ಆದರೆ ಲಿಥಿಯಂ ಬೇಡವೆಂದರೂ ಆ ಏಳು ಸೈಟಿಗೆ ಹೊಸ ವಿಆರ್‌ಎಲ್‌ಎ ಹಾಕಲೇಬೇಕಲ್ಲ? ಹೊಸ ವಿಆರ್‌ಎಲ್‌ಎ ಬಂದರೂ ಡಿಜಿ ಓಟ ಇಳಿಯುತ್ತದೆ. ಹಾಗಾಗಿ ಲಿಥಿಯಂ ಹೆಸರಿಗೆ ಬರೆಯಬೇಕಾದ ಉಳಿತಾಯ, ಹೊಸ ವಿಆರ್‌ಎಲ್‌ಎಗಿಂತ ಅದು ಎಷ್ಟು ಹೆಚ್ಚು ಉಳಿಸುತ್ತದೋ ಅಷ್ಟೇ. ಲಿಥಿಯಂ ಬೇಗ ಚಾರ್ಜ್ ಹಿಡಿಯುವುದರಿಂದ ದಿನಕ್ಕೆ 24 ನಿಮಿಷ, ಅಂದರೆ 0.4 ಗಂಟೆ ಹಿಡಿಯೋಣ. ಇದು ನನ್ನ ಊಹೆ. ನಿಮ್ಮ ಸೈಟಿನ ಲಾಗ್ ನೋಡಿ ಬದಲಿಸಿಕೊಳ್ಳಿ.

ಡಿಜಿ ಒಂದು ಗಂಟೆ ಕಡಿಮೆ ಓಡಿದರೆ ಎಷ್ಟು ಉಳಿಯುತ್ತದೆ? ಡೀಸೆಲ್ ಲೀಟರಿಗೆ 90 ರೂ. ಹಿಡಿದರೆ 225 ರೂ. ಅದೇ ಲೋಡನ್ನು ಜೆಸ್ಕಾಂ ಕರೆಂಟಿನಿಂದ ಬ್ಯಾಟರಿಗೆ ತುಂಬಿ ಓಡಿಸಲು, ನಷ್ಟ ಸೇರಿ ಸುಮಾರು 2.1 ಯೂನಿಟ್ ಬೇಕು. ಯೂನಿಟ್ಟಿಗೆ 9 ರೂ. ಎಂದರೆ 19 ರೂ. ಕಳೆಯಿರಿ. ಪ್ರತಿ 250 ಗಂಟೆಗೆ 5,000 ರೂ. ಸರ್ವಿಸ್ ಎಂದಾದರೆ ಗಂಟೆಗೆ 20 ರೂ. ಕೂಡಿಸಿ. ಒಟ್ಟು 226 ರೂ. ದಿನಕ್ಕೆ 0.4 ಗಂಟೆಯಂತೆ ವರ್ಷಕ್ಕೆ 33,000 ರೂ. ಆಗುತ್ತದೆ. ವೆಂಡರ್ ತೋರಿಸಿರುವುದು ಪೂರ್ತಿ ಒಂದು ಗಂಟೆಯ 82,500.

ಈಗ ಏಳು ಸೈಟಿನ ಎನ್‌ಪಿವಿ, ಒಂದು ಸೈಟಿಗೆ, 8 ವರ್ಷಕ್ಕೆ. ಎನ್‌ಪಿವಿ ಎಂದರೆ ಮುಂದಿನ ವರ್ಷಗಳ ಖರ್ಚು, ಉಳಿತಾಯವನ್ನೆಲ್ಲ ಇವತ್ತಿನ ಬೆಲೆಗೆ ತಂದು ಕೂಡಿ ಕಳೆದಾಗ ಉಳಿಯುವ ಮೊತ್ತ. ದಿನಕ್ಕೆ ಒಂದು ಪೂರ್ತಿ ಸೈಕಲ್ (ಬ್ಯಾಟರಿ ಒಮ್ಮೆ ತುಂಬಿ ಖಾಲಿಯಾಗುವುದು) ಎಂದರೆ 8 ವರ್ಷಕ್ಕೆ 2,920 ಸೈಕಲ್. ಕೋಟೇಶನ್‌ನಲ್ಲಿ 3,000 ಸೈಕಲ್ ವಾರಂಟಿ ಇದ್ದರೆ 8 ವರ್ಷ ಹಿಡಿಯಬಹುದು, ಇಲ್ಲದಿದ್ದರೆ ಕಡಿಮೆ ಮಾಡಿ. ವಿಆರ್‌ಎಲ್‌ಎಗೆ 4 ವರ್ಷ.

ಇವತ್ತು ಹೆಚ್ಚುವರಿಯಾಗಿ ಹೋಗುವುದು 2,80,000ದಲ್ಲಿ 1,50,000 ಕಳೆದು 1,30,000 ರೂ. ನಾಲ್ಕನೇ ವರ್ಷದ ಕೊನೆಗೆ ಎರಡನೇ ವಿಆರ್‌ಎಲ್‌ಎ ಕೊಳ್ಳುವುದು ತಪ್ಪುತ್ತದೆ. 12% ದರದಲ್ಲಿ ನಾಲ್ಕು ವರ್ಷ ಬಿಟ್ಟು ಬರುವ ಒಂದು ರೂಪಾಯಿಗೆ ಇವತ್ತಿನ ಬೆಲೆ 0.636 ರೂ., 1,50,000ವನ್ನು ಅದರಿಂದ ಗುಣಿಸಿದರೆ 95,400. ಆದರೆ ವಿಆರ್‌ಎಲ್‌ಎ ಗುಜರಿಗೆ ಹೋದಾಗ ಸಿಗುವ ಸೀಸದ ದುಡ್ಡು ಕೈತಪ್ಪುತ್ತದೆ. ಒಂದು ಬ್ಯಾಂಕಿಗೆ 30,000 ಹಿಡಿದರೆ, ನಾಲ್ಕನೇ ವರ್ಷದ್ದು 19,080, ಎಂಟನೇ ವರ್ಷದ್ದು 12,120. ಲಿಥಿಯಂ ಗುಜರಿಗೆ ಸೊನ್ನೆ ಬರೆಯಿರಿ. ಉಳಿತಾಯ 33,000ವನ್ನು 8 ವರ್ಷದ ಗುಣಕ (ಎಂಟು ವರ್ಷ ಪ್ರತಿ ವರ್ಷ ಬರುವ ಒಂದೊಂದು ರೂಪಾಯಿಯ ಇವತ್ತಿನ ಒಟ್ಟು ಬೆಲೆ) 4.968ರಿಂದ ಗುಣಿಸಿದರೆ 1,63,944. ಎಲ್ಲ ಕೂಡಿ ಕಳೆದರೆ ಎನ್‌ಪಿವಿ ಸುಮಾರು 98,000 ರೂ. ಪ್ಲಸ್.

ಫೈನಾನ್ಸ್‌ನವರು ನಿಜಕ್ಕೂ ನೋಡುವುದು ಮುಂದಿನ ಸಾಲನ್ನು. ಡೀಸೆಲ್ ಉಳಿತಾಯ ಸೊನ್ನೆಯಾದರೆ ಎನ್‌ಪಿವಿ 65,800 ರೂ. ಮೈನಸ್. ಅದನ್ನು ಸರಿದೂಗಿಸಲು ವರ್ಷಕ್ಕೆ 13,245 ರೂ. ಉಳಿತಾಯ ಬೇಕು, ಅಂದರೆ ದಿನಕ್ಕೆ ಸುಮಾರು 10 ನಿಮಿಷದ ಡಿಜಿ ಓಟ. ಇದನ್ನು ಪ್ರಪೋಸಲ್‌ನ ಮೊದಲ ಪುಟದಲ್ಲೇ ಹಾಕಿ. ಕರೆಂಟ್ ಹೋಗುವುದೇ ಅಪರೂಪ ಎನ್ನುವಂಥ ಪಟ್ಟಣದ ಸೈಟುಗಳನ್ನು ಪಟ್ಟಿಯಿಂದ ತೆಗೆಯಿರಿ, ಅಲ್ಲಿ ಈ 10 ನಿಮಿಷವೂ ಸಿಗುವುದಿಲ್ಲ.

ಐದು ಸೈಟಿನ ಬ್ಯಾಂಕ್ ಇನ್ನೆರಡು ವರ್ಷ ಬಾಳುತ್ತವೆ ಎಂದುಕೊಳ್ಳಿ. 2,80,000 ಖರ್ಚನ್ನು ಎರಡು ವರ್ಷ ಮುಂದೂಡಿದರೆ ಅದರ ಇವತ್ತಿನ ಭಾರ 2,23,160ಕ್ಕೆ ಇಳಿಯುತ್ತದೆ, 56,840 ಲಾಭ. ಕಾದರೆ ಕಳೆದುಕೊಳ್ಳುವ ಡೀಸೆಲ್ ಉಳಿತಾಯ ಎರಡು ವರ್ಷಕ್ಕೆ 55,770. ತಕ್ಕಡಿ ಸಮ. ಮೇಲಾಗಿ ತಡವಾಗಿ ಹಾಕಿದ ಬ್ಯಾಟರಿ ತಡವಾಗಿಯೇ ಮುಗಿಯುತ್ತದೆ. ಆ ಐದನ್ನು ಈ ವರ್ಷ ಮುಟ್ಟಬೇಡಿ ಎಂಬುದು ನನ್ನ ಸಲಹೆ.

ಪುಸ್ತಕದ ಬೆಲೆ ಬಗ್ಗೆ: ಅದು ಹೋದ ದುಡ್ಡು, ಎನ್‌ಪಿವಿಗೆ ಬರುವುದೇ ಇಲ್ಲ. ಸತ್ತ ಬ್ಯಾಂಕ್ ಎರಡೂ ಆಯ್ಕೆಯಲ್ಲಿ ಹೊರಗೆ ಹೋಗುತ್ತದೆ, ಅದರ ಗುಜರಿ ದುಡ್ಡೂ ಎರಡರಲ್ಲೂ ಬರುತ್ತದೆ. ಅದಕ್ಕೇ ಮೇಲಿನ ಲೆಕ್ಕದಲ್ಲಿ ಎರಡನ್ನೂ ಬಿಟ್ಟಿದ್ದೇನೆ. ಈ ವರ್ಷದ ಲಾಭ-ನಷ್ಟ ಪಟ್ಟಿಯಲ್ಲಿ ರೈಟ್ ಆಫ್ (ಪುಸ್ತಕದಲ್ಲಿ ಉಳಿದ ಬೆಲೆಯನ್ನು ನಷ್ಟವೆಂದು ತೆಗೆದುಹಾಕುವುದು) ಕಾಣುತ್ತದೆ ಎಂದು ಬೇರೆ ಸಾಲಿನಲ್ಲಿ ತಿಳಿಸಿದರೆ ಸಾಕು.

ಪವರ್‌ಪ್ಲಾಂಟ್_ಬೀದರ್:

ಸರ್ ಹಾಕಿದ ಲೆಕ್ಕ ಸರಿ ಅದ, ಆದ್ರ ಗಂಟಿ ಎಣಿಸಬ್ಯಾಡ್ರಿ, ಲೀಟರ್ ಎಣಿಸ್ರಿ. ಇಲ್ಲೇ ಎಲ್ಲಾರೂ ಎಡವೋದು.

300 ಎಎಚ್ ಬ್ಯಾಂಕಿಗೆ 0.3ಸಿ ಚಾರ್ಜ್ (ಎಎಚ್ ಅಂಕಿಯ 0.3 ಪಟ್ಟು ಕರೆಂಟ್) ಕೊಟ್ರ 90 ಆಂಪಿಯರ್. 54 ವೋಲ್ಟಿಗೆ 4.86 ಕಿಲೋವ್ಯಾಟ್ ಆಗ್ತದ, ಮ್ಯಾಲೆ ನಿಮ್ಮ ಲೋಡ್ 1.8. ಒಟ್ಟು 6.66. ಸೈಟಿನ್ಯಾಗ 2 ಕಿಲೋವ್ಯಾಟಿನ ರೆಕ್ಟಿಫೈಯರ್ (ಎಸಿ ಕರೆಂಟ್ ಡಿಸಿ ಮಾಡೋ) ಮಾಡ್ಯೂಲ್ ಮೂರೇ ಇದ್ರ ಅದು ಸಾಲಂಗಿಲ್ಲ. ಒಂದು ಕೆಟ್ರ ಕೈಯಾಗ ಉಳಿಯೋದು ನಾಲ್ಕೇ ಕಿಲೋವ್ಯಾಟ್. ಇನ್ನೊಂದು ಮಾಡ್ಯೂಲ್ ಬೇಕಾದ್ರ ಅದರ ರೊಕ್ಕ ಕ್ಯಾಪೆಕ್ಸ್‌ನ್ಯಾಗ ಸೇರಿಸ್ರಿ, ಇಲ್ಲಂದ್ರ ಕಂಟ್ರೋಲರ್‌ದಾಗ ಚಾರ್ಜ್ ಕರೆಂಟ್ ಮಿತಿ ಇಳಿಸ್ರಿ. ಮಿತಿ ಇಳಿಸಿದ್ರ ಬೇಗ ಚಾರ್ಜ್ ಆಗೋ ಲಾಭನೂ ಇಳೀತದ, ಆ 24 ನಿಮಿಷ ಮತ್ತ ಲೆಕ್ಕ ಹಾಕಬೇಕಾಗ್ತದ.

ಎರಡನೇದು, ಡಿಜಿ ಮ್ಯಾಲೆ ಲೋಡ್ ಏರಿದ್ರ ಸಿಪಿಎಚ್ (ಗಂಟಿಗೆ ಕುಡಿಯೋ ಡೀಸೆಲ್) ಏರ್ತದ. ಉಳಿದ ಡಿಜಿ ಓಟ ದಿನಕ್ಕ ಮೂರು ಗಂಟಿ, ಗಂಟಿಗೆ 0.3 ಲೀಟರ್ ಜಾಸ್ತಿ ಕುಡೀತು ಅಂದ್ರ ದಿನಕ್ಕ 81 ರೂಪಾಯಿ, ವರ್ಷಕ್ಕ 29,565. ಅಷ್ಟಕ್ಕ ತಕ್ಕಂಗ ಓಟ ಇನ್ನೂ ಇಳೀಲಿಲ್ಲ ಅಂದ್ರ ನಿಮ್ಮ 33,000ದಾಗ ಉಳಿಯೋದು 3,435. ಬೇಕಾದದ್ದು 13,245. ಪ್ರಾಜೆಕ್ಟ್ ಅಲ್ಲೇ ಮುಳುಗ್ತದ. ಅದಕ್ಕ ಕಂಟ್ರೋಲರ್‌ದಾಗ ಇಬಿ (ಲೈನ್ ಕರೆಂಟ್) ಮ್ಯಾಲೆ ಒಂದು ಮಿತಿ, ಡಿಜಿ ಮ್ಯಾಲೆ ಬ್ಯಾರೆ ಕಡಿಮೆ ಮಿತಿ ಇಡ್ರಿ. ಎಷ್ಟು ಅಂತ ಒಂದು ಸೈಟಿನ್ಯಾಗ ಟ್ಯಾಂಕ್ ಅಳದು ನೋಡಿ ಗೊತ್ತು ಮಾಡ್ರಿ.

12 ತಿಂಗಳಿನ ಡೇಟಾ ತಗೀರಿ. ಮೇನ್ಸ್ ಫೇಲ್ ಲಾಗ್, ಡಿಜಿ ಅವರ್ ಮೀಟರ್, ಫಿಲ್ಲಿಂಗ್ ರಿಜಿಸ್ಟರ್, ಮೂರೂ ಬಾಜೂ ಬಾಜೂ ಇಟ್ಟು ನೋಡ್ರಿ. ಬರೀ ಏಪ್ರಿಲ್-ಮೇ ನೋಡಿದ್ರ ಉಳಿತಾಯ ದೊಡ್ಡದಾಗಿ ಕಾಣ್ತದ. ಅವರ್ ಮೀಟರಿಗೂ ಫಿಲ್ಲಿಂಗಿಗೂ ಲೆಕ್ಕ ಹೊಂದಲಿಲ್ಲ ಅಂದ್ರ ಡೀಸೆಲ್ ಎಲ್ಲೋ ಸೋರಲಿಕತ್ತದ. ಬ್ಯಾಟರಿ ಬದಲಿಸಿದ್ರೂ ಆ ಸೋರಿಕೆ ನಿಲ್ಲಂಗಿಲ್ಲ, ಮೊದಲು ಅದನ್ನ ಹಿಡೀರಿ.

ವಿಆರ್‌ಎಲ್‌ಎ 4 ವರ್ಷ ಅಂದದ್ದು ಜಾಸ್ತಿನೇ ಆದೀತು. ಅದರ ಆಯುಷ್ಯ ಬರೆದಿರೋದು 25 ಡಿಗ್ರಿಗೆ, ಸುಮಾರು 10 ಡಿಗ್ರಿ ಏರಿದ್ರ ಅರ್ಧ ಆಗ್ತದ. ನಮ್ಮ ಕಡೆ ಬ್ಯಾಸಿಗ್ಯಾಗ ಹೊರಗೇ 42 ದಾಟ್ತದ, ಕ್ಯಾಬಿನೆಟ್ ಒಳಗಿಂದು ಕೇಳಬ್ಯಾಡ್ರಿ. ಮೂರು ವರ್ಷ ಹಿಡಿದೂ ಒಂದು ಲೆಕ್ಕ ತೋರಿಸ್ರಿ. ಲಿಥಿಯಂಗೂ ಎಷ್ಟು ಡಿಗ್ರಿ ದಾಟಿದ್ರ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟ್) ಚಾರ್ಜ್ ನಿಲ್ಲಿಸ್ತದ ಅಂತ ವೆಂಡರ್ ಕಡೆಯಿಂದ ಬರೆಸಿ ತಗೋರಿ.

ತೆರಿಗೆ_ಮತ್ತು_ಟವರ್:

ಜಿಎಸ್‌ಟಿ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಕಂಪನಿಗೆ ಬ್ಯಾಟರಿ ಮೇಲಿನ 18% ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮುಂದೆ ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಸಿಗುವುದಾದರೆ ಎನ್‌ಪಿವಿಯಲ್ಲಿ ತೆರಿಗೆ ಬಿಟ್ಟ ಬೆಲೆಯನ್ನೇ ಹಾಕಿ. ಎರಡೂ ಕೋಟೇಶನ್ ತೆರಿಗೆ ಬಿಟ್ಟೇ ಹೋಲಿಸಿ. ಹಳೇ ವಿಆರ್‌ಎಲ್‌ಎ ಕೋಟೇಶನ್ ಇದ್ದರೆ ಎಚ್ಚರ: 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಲೆಡ್ ಆಸಿಡ್‌ಗೆ 28% ಇತ್ತು, ಈಗ ಲಿಥಿಯಂನಂತೆ ಅದಕ್ಕೂ 18%. ಡೀಸೆಲ್ ಜಿಎಸ್‌ಟಿಯ ಹೊರಗಿದೆ. ಅದರ ಮೇಲಿನ ವ್ಯಾಟ್‌ಗೆ ಕ್ರೆಡಿಟ್ ಇಲ್ಲ, ಹಾಗಾಗಿ ಪಂಪಿನ ಪೂರ್ತಿ ಬೆಲೆಯೇ ಖರ್ಚು.

ಕ್ರೆಡಿಟ್ ಸಿಕ್ಕರೂ ಮೊದಲು ದುಡ್ಡು ಕೈಯಿಂದ ಹೋಗಬೇಕು. ಏಳು ಸೈಟಿಗೆ 19,60,000, ಜಿಎಸ್‌ಟಿ 3,52,800, ಒಟ್ಟು 23,12,800 ರೂ. ಯಾವ ತಿಂಗಳು ಬೇಕು ಎಂದು ಬರೆದುಕೊಡಿ. ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ ಇರುವ ಸಣ್ಣ ತಯಾರಕರಿಂದ ಕೊಂಡರೆ 45 ದಿನ ಮೀರಿ ಪಾವತಿ ಎಳೆಯುವಂತಿಲ್ಲ, 90 ದಿನದ ಸಾಲ ಸಿಗುತ್ತದೆಂದು ಶೀಟಿನಲ್ಲಿ ತೋರಿಸಬೇಡಿ.

12% ತೆರಿಗೆಗೆ ಮುಂಚಿನದೋ ನಂತರದ್ದೋ ಕೇಳಿ. ನಂತರದ್ದಾದರೆ ಉಳಿತಾಯದಿಂದ ತೆರಿಗೆ ಕಳೆಯಬೇಕು, 22% ದರ ಆರಿಸಿಕೊಂಡ ಕಂಪನಿಗೆ ಸರ್ಚಾರ್ಜ್, ಸೆಸ್ ಸೇರಿ 25.168%. ಆಗ ಸವಕಳಿಯ ತೆರಿಗೆ ಲಾಭವನ್ನೂ ಕೂಡಿಸಬೇಕು. ಸಾಮಾನ್ಯ ಯಂತ್ರೋಪಕರಣಕ್ಕೆ ವರ್ಷಕ್ಕೆ 15%, ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧ. ಅಕ್ಟೋಬರ್ 3ರೊಳಗೆ ಕೂಡಿಸಿ ಬಳಕೆ ಶುರುವಾದರೆ ಪೂರ್ತಿ ಸಿಗುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ: ಆ ಸೈಟಿನ ಡೀಸೆಲ್ ಬಿಲ್ ಕಟ್ಟುವವರು ಯಾರು? ಟವರ್ ಕಂಪನಿ ಇಂಧನ ಖರ್ಚನ್ನು ಮೊಬೈಲ್ ಆಪರೇಟರ್‌ಗಳಿಗೆ ಇದ್ದದ್ದು ಇದ್ದಂತೆ ಬಿಲ್ ಮಾಡುತ್ತಿದ್ದರೆ ಉಳಿತಾಯ ಅವರದು, ಖರ್ಚು ಮಾತ್ರ ನಿಮ್ಮದು. ತಿಂಗಳಿಗೆ ನಿಗದಿತ ಮೊತ್ತದ ಒಪ್ಪಂದವಿದ್ದರೆ ಮಾತ್ರ ಉಳಿತಾಯ ನಿಮ್ಮದು.

ಸೈಟ್_ಇಂಜಿನಿಯರ್_ಯಾದಗಿರಿ:

ತುಂಬಾ ಉಪಕಾರವಾಯಿತು. ಒಪ್ಪಂದ ತೆಗೆಸಿ ನೋಡಿದೆ. ಏಳರಲ್ಲಿ ಐದು ನಿಗದಿತ ಮೊತ್ತ, ಎರಡು ಇದ್ದದ್ದು ಇದ್ದಂತೆ. ಆ ಎರಡನ್ನು ಏನು ಮಾಡಲಿ?

ಲೆಕ್ಕಪತ್ರ_ಕಲಬುರಗಿ:

ಆ ಎರಡಕ್ಕೆ ಡೀಸೆಲ್ ಉಳಿತಾಯ ಸೊನ್ನೆ ಹಾಕಿ. ಮೈನಸ್ 65,800 ಬರುತ್ತದೆ, ಸದ್ಯಕ್ಕೆ ವಿಆರ್‌ಎಲ್‌ಎಯೇ ಸಾಕು. ಆಪರೇಟರ್ ಉಳಿತಾಯದ ಅರ್ಧ ಬಿಟ್ಟುಕೊಡಲು ಒಪ್ಪಿದರೆ 16,500 ಆಗುತ್ತದೆ, 13,245ರ ಗೆರೆ ದಾಟುತ್ತದೆ. ಆದರೆ ಆ ಒಪ್ಪಿಗೆ ಪತ್ರದಲ್ಲಿ ಬಂದ ಮೇಲೆಯೇ ಪಟ್ಟಿಗೆ ಸೇರಿಸಿ. ಉಳಿದ ಐದಕ್ಕೆ ಒಪ್ಪಂದ ಇನ್ನೆಷ್ಟು ವರ್ಷ ಇದೆ ನೋಡಿ. ನಿಗದಿತ ಮೊತ್ತ ಮೂರು ವರ್ಷಕ್ಕೇ ಮುಗಿಯುವುದಾದರೆ 8 ವರ್ಷದ ಉಳಿತಾಯ ಬರೆಯಲು ಬರುವುದಿಲ್ಲ. 4.968ರ ಬದಲು ಮೂರು ವರ್ಷದ ಗುಣಕ 2.402 ಹಾಕಿ ಇನ್ನೊಂದು ಕಾಲಂ ಮಾಡಿ. 33,000ಕ್ಕೆ 79,266 ಬರುತ್ತದೆ, 65,800 ಕಳೆದರೂ 13,000 ಚಿಲ್ಲರೆ ಪ್ಲಸ್. ಬೀದರ್‌ನವರು ಹೇಳಿದ ಮಾಡ್ಯೂಲಿನ ಬೆಲೆ ಅಷ್ಟರೊಳಗೆ ಕೂರುತ್ತದೋ ಇಲ್ಲವೋ ಕೋಟೇಶನ್ ತರಿಸಿ ನೋಡಿ, ಆಮೇಲೆ ಕಳಿಸಿ.