ವಿಜಯನಗರ ಜಿಲ್ಲೆಯ ಅಂಕಿ ಅಂಶ: ರೆಡಿ ಎಕ್ಸೆಲ್ ಫೈಲ್ ನಂಬಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಎಂ.ಎ. ಅರ್ಥಶಾಸ್ತ್ರ, ಕೊನೆಯ ವರ್ಷ. ವಿಜಯನಗರ ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 4 ಮತ್ತು 5ನೇ ಸುತ್ತಿನ ಜಿಲ್ಲಾವಾರು ಅಂಕಿಗಳನ್ನು ಯಾರೋ ಒಂದೇ ಎಕ್ಸೆಲ್ ಫೈಲಿನಲ್ಲಿ ಹಾಕಿದ್ದಾರೆ. ಬಳಸಬಹುದಾ? ಗೈಡ್ "ಮೂಲ ಎಲ್ಲಿ?" ಅಂತಿದ್ದಾರೆ.

ಉತ್ತರ: ಗೈಡ್ ಸರಿಯಾಗಿಯೇ ಕೇಳಿದ್ದಾರೆ. ಆ ಫೈಲಿನಲ್ಲಿ ವಿಜಯನಗರ ಅಂತ ಬೇರೆ ಸಾಲು ಇದೆಯಾ ನೋಡಿ. ಇದ್ದರೆ ಫೈಲ್ ಮುಚ್ಚಿಬಿಡಿ. ಬಳ್ಳಾರಿಯಿಂದ ಬೇರ್ಪಟ್ಟು ಜಿಲ್ಲೆ ಆಗಿದ್ದೇ 2021ರಲ್ಲಿ. ಐದನೇ ಸುತ್ತಿಗೆ ನಮ್ಮ ರಾಜ್ಯದಲ್ಲಿ ಮಾಹಿತಿ ಸಂಗ್ರಹಿಸಿದ್ದು ಕೋವಿಡ್‌ಗೂ ಮುಂಚೆ. ಇಲ್ಲದ ಜಿಲ್ಲೆಗೆ ಅಂಕಿ ಎಲ್ಲಿಂದ ಬಂತು?

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಸಮೀಕ್ಷೆಯ ಜಿಲ್ಲಾ ಫ್ಯಾಕ್ಟ್‌ಶೀಟ್‌ನಲ್ಲಿ (ಮುಖ್ಯ ಅಂಕಿಗಳ ಪಟ್ಟಿಯಲ್ಲಿ) ಕೆಲವು ಅಂಕಿ ಕಂಸದೊಳಗಿರುತ್ತವೆ. ಆ ಲೆಕ್ಕಕ್ಕೆ ಸಿಕ್ಕಿದ್ದು ಬರೀ 25ರಿಂದ 49 ಪ್ರಕರಣ ಅಂತ ಅರ್ಥ. 25ಕ್ಕಿಂತ ಕಡಿಮೆಯಿದ್ದರೆ ಅಂಕಿಯೇ ಇಲ್ಲ, ನಕ್ಷತ್ರದ ಗುರುತು ಮಾತ್ರ. ಕಂಸದೊಳಗಿನ 34.2 ಅನ್ನು ಎಕ್ಸೆಲ್‌ಗೆ ಹಾಕಿ ನೋಡಿ, ಮೈನಸ್ 34.2 ಆಗುತ್ತದೆ! ಯಾರೋ ಮೈನಸ್ ಅಳಿಸಿ "ಸರಿ" ಮಾಡುತ್ತಾರೆ. ಎಚ್ಚರಿಕೆಯ ಗುರುತು ಅಲ್ಲಿಗೇ ಮಾಯ. ಸಮೀಕ್ಷೆ ನಡೆಸಿದ್ದು ಮುಂಬೈಯ ಐಐಪಿಎಸ್ (ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ). ಮೂಲ ಪಿಡಿಎಫ್ ತೆಗೆದುಕೊಂಡು, ಬೇಕಾದ ನಾಲ್ಕೈದು ಅಂಕಿ ನೀವೇ ಟೈಪ್ ಮಾಡಿ.

ಪ್ರಶ್ನೆ: ಹಳೆಯ ಬಳ್ಳಾರಿಯ ತಾಲ್ಲೂಕುಗಳನ್ನು ಕೂಡಿಸಿ ವಿಜಯನಗರ ಮಾಡಿಕೊಳ್ಳಬಹುದಾ ಮೇಡಂ?

ಉತ್ತರ: ಈ ಸಮೀಕ್ಷೆಯಲ್ಲಿ ಆಗಲ್ಲ. ಅದರ ಸ್ಯಾಂಪಲ್ ಜಿಲ್ಲೆ ಮಟ್ಟಕ್ಕೆ ಮಾತ್ರ ಸಾಕಾಗುತ್ತದೆ. ಜನಸಂಖ್ಯೆ, ಸಾಕ್ಷರತೆಯಂಥ ಹಿನ್ನೆಲೆ ವಿವರಗಳನ್ನು 2011ರ ಜನಗಣತಿಯಿಂದ ಕೂಡಿಸಬಹುದು, ಅಲ್ಲಿ ಹಳ್ಳಿ ಮಟ್ಟದ ಲೆಕ್ಕವಿದೆ. ಆದರೆ ಈಗ ವಿಜಯನಗರದಲ್ಲಿರುವ ಹರಪನಹಳ್ಳಿಯನ್ನು ಬಳ್ಳಾರಿಯಲ್ಲಿ ಹುಡುಕಬೇಡಿ, ಆಗ ಅದು ದಾವಣಗೆರೆಯಲ್ಲಿತ್ತು. ಕೊಟ್ಟೂರು ಕೂಡ್ಲಿಗಿಯೊಳಗೇ ಸಿಗುತ್ತದೆ. ಹೊಸಪೇಟೆಯಿಂದ ಕಂಪ್ಲಿ ಭಾಗ ಕಳೆಯಬೇಕು, ಅದು ಬಳ್ಳಾರಿಯಲ್ಲೇ ಉಳಿದಿದೆ.

ಪೋಷಣ್ ಟ್ರ್ಯಾಕರ್‌ನ (ಅಂಗನವಾಡಿಗಳ ಸರ್ಕಾರಿ ಆ್ಯಪ್) ಅಂಕಿಯನ್ನು ಇದೇ ಗ್ರಾಫಿಗೆ ಸೇರಿಸುವ ಆಸೆ ಬೇಡ. ಅಲ್ಲಿರುವುದು ಅಂಗನವಾಡಿಯಲ್ಲಿ ಹೆಸರು ಬರೆಸಿ ಅಳತೆ ಮಾಡಿಸಿಕೊಂಡ ಮಕ್ಕಳು ಮಾತ್ರ, ಅಲ್ವಾ?

ನನ್ನ ಸಲಹೆ ಕೇಳಿದರೆ, ಶೀರ್ಷಿಕೆಯನ್ನೇ "ಅವಿಭಜಿತ ಬಳ್ಳಾರಿ ಜಿಲ್ಲೆ" ಅಂತ ಬದಲಿಸಿ. ಎರಡೂ ಸುತ್ತಿನ ಹೋಲಿಕೆ ಆಗ ಸಲೀಸು. ಹರಪನಹಳ್ಳಿ ಇದರಲ್ಲಿ ಸೇರಿಲ್ಲ ಅಂತ ಒಂದು ಸಾಲು ಹಾಕಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಆ ಪ್ರಶ್ನೆ ಬಂದೇ ಬರುತ್ತದೆ.